ಸರಾಸರಿಗೆ ನನ್ನ ಸಹಿಯಿಲ್ಲ

ಸವಣೂರು, ೧೪ ಮೇ, ಗುರುವಾರ

‘ಸರಾಸರಿ’ ಎಂಬ ಆ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ.

ನಮ್ಮ ವಿದ್ಯಾಸಂಸ್ಥೆಯ ಫಲಿತಾಂಶದ ಜಾಲತಾಣವನ್ನು ಹಲವು ಸಣ್ಣ ತಂತ್ರಾಂಶ ಸೇವೆಗಳಿಂದ ಕಟ್ಟಲಾಗಿದೆ. ಅವುಗಳ ನಡುವಿನ ಮಾಹಿತಿ ಸಂಚಾರವನ್ನು ನಿಯಂತ್ರಿಸುವ ‘ಸರ್ವಿಸ್ ಮೆಶ್’ಗೆ ನನ್ನ ಹಳೆಯ ವಿದ್ಯಾರ್ಥಿನಿ ಇರಮ ಇಂದು ನಿರ್ವಹಣಾ ಉಪಕರಣವೊಂದನ್ನು ಅಳವಡಿಸಿದಳು. ಸಾವಿರಾರು ಮಕ್ಕಳು ಒಮ್ಮೆಲೇ ಫಲಿತಾಂಶ ಕೇಳಿದಂತೆ ಅದರಿಂದಲೇ ಹೊರೆ ಹೇರಿ ಪರೀಕ್ಷಿಸಿದಳು.

“ಫಲಿತಾಂಶ ಕಾಣಾಕ ಸರಾಸರಿ ಅರ್ಧ ಸೆಕೆಂಡ್ ಬಂದೈತ್ರಿ. ನಾಳೆ ಮಕ್ಕಳಿಗೆ ಬಿಡೋಣು. ಪರೀಕ್ಷಾ ಸಮಿತಿಯವರು ನೀವು, ಒಂದು ಸಹಿ ಹಾಕ್ರಿ,” ಎಂದರು ಕಾರ್ಯದರ್ಶಿ ಮೃತ್ಯುಂಜಯ.

ನಾನು ಇರಮಳನ್ನು ಕೇಳಿದೆ, “ಎಲ್ಲಾರಿಗಿಂತ ಹಿಂದ ಉಳದವರಿಗೆ ಎಷ್ಟು ಹೊತ್ತಾತು?”

“ಅರ್ಧ ನಿಮಿಷ ರೀ ಅಕ್ಕೋರ. ಕೆಲವರಿಗೆ ಬರಲೇ ಇಲ್ರಿ.”

“ನೂರರಾಗ ಒಬ್ಬರಿಗೆ ಅಷ್ಟ ಅಲ್ರೀ,” ಎಂದು ಕಾರ್ಯದರ್ಶಿ ನಕ್ಕರು. “ಗಣಿತದ ಅಕ್ಕೋರಿಗೆ ಸರಾಸರಿ ಮ್ಯಾಲೆ ಯಾಕ ಇಷ್ಟು ಸಿಟ್ಟು?”

“ಗಣಿತ ಕಲಿಸಿದ್ದಕ್ಕ ಸಿಟ್ಟು. ಆ ಒಬ್ಬಾಕಿ ಚಿಕ್ಕೇರೂರಾಗ ಅವ್ವನ ಮೊಬೈಲ್ ಹಿಡಕೊಂಡು ಕುಂತಿರ್ತಾಳ. ನಿಮ್ಮ ಸರಾಸರಿ ಆಕಿಗೆ ಓದಿ ಹೇಳ್ರಿ.”

ತರಗತಿಯ ಕೊನೆಯ ಉತ್ತರಪತ್ರಿಕೆಯನ್ನು ನೋಡುವ ಮೊದಲು ನಾನು ಯಾರ ಅಂಕವನ್ನೂ ಓದಿದವಳಲ್ಲ. ನಿವೃತ್ತಿ ನೌಕರಿಗೆ ಮಾತ್ರ, ಈ ನಿಯಮಕ್ಕಲ್ಲ. ಸಹಿ ಹಾಕಲಿಲ್ಲ. ಸಂಚಾರ ಎಲ್ಲಿ ಸಿಲುಕುತ್ತಿದೆಯೆಂದು ಇರಮ ಹುಡುಕುತ್ತಿದ್ದಾಳೆ. ಹುಡುಕಿ, ಸರಿಪಡಿಸಿ, ಮತ್ತೆ ಹೊರೆ ಹೇರಲಿ.

ಫಲಿತಾಂಶ ತಡವಾಗಲು ನಾನೇ ಕಾರಣವೆಂದು ಸೂಚನಾಫಲಕದಲ್ಲಿ ಬರೆಸುವುದಾಗಿ ಕಾರ್ಯದರ್ಶಿ ಹೆದರಿಸಿದರು. ಬರೆಸಲಿ. ಹೆಸರಿನ ಕೆಳಗೆ ವಿಳಾಸವನ್ನೂ ಬರೆಸಲಿ. ಬೈಯಲು ಬರುವ ಪಾಲಕರು ದಾರಿ ತಪ್ಪಬಾರದು.