ಲೆಸ್ಯಾಳ ಕಾರ್ಡಿನ ಪ್ರಶ್ನಾರ್ಥಕ ಚಿಹ್ನೆ

ಗೋಮೆಲ್ ಪ್ರಾಂತ,
೧೧ ಮಾರ್ಚ್ ೨೦೦೫, ಶುಕ್ರವಾರ

ಪ್ರೀತಿಯ ತಂಗಿ ಜಿನಾ,

ನೀನು, ಮಗಳು ಲೆಸ್ಯಾ, ಅಳಿಯ ಕಸ್ತೂಸ್ ಎಲ್ಲರೂ ಕ್ಷೇಮವೆಂದು ನಂಬಲು ಪ್ರಯತ್ನಿಸುತ್ತಿದ್ದೇನೆ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ನೆನಪಾಗಿ ಎದ್ದುಹೋಗುತ್ತಿದ್ದೆ. ಹೋಗಿ ನೋಡಿದರೆ ಒಲೆಯೇ ಹಚ್ಚಿರುತ್ತಿರಲಿಲ್ಲ. ಇದು ಸೋಮಾರಿತನವಲ್ಲ, ಹೆದರಿಕೆ. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ.

ಇಲ್ಲಿ ಹಿಮ ಇನ್ನೂ ಕರಗಿಲ್ಲ. ಹಿತ್ತಲಿನ ಬರ್ಚ್ ಮರಕ್ಕೆ ಡಬ್ಬಿ ಕಟ್ಟಿದ್ದೇನೆ, ರಸ ಇಳಿದಿಲ್ಲ. ಕಚೇರಿಯಲ್ಲಿ ಅದೇ ಕೆಲಸ: ವೈದ್ಯರು ಕಾರ್ಡಿನಲ್ಲಿ ಗೀಚಿದ್ದನ್ನು ಓದಿ, ಆ ಕಾಯಿಲೆಯ ಕೋಡ್ ಹುಡುಕಿ ಕಂಪ್ಯೂಟರಿಗೆ ತುಂಬುವುದು. ನಮ್ಮ ಕಡೆ ಹತ್ತು ಕಾರ್ಡಿಗೆ ಏಳು ಥೈರಾಯ್ಡಿನವೇ. ಬ್ರೆಡ್ಡಿನ ಸಾಲಿನಲ್ಲಿ ಯಾರ ಕುತ್ತಿಗೆ ಕಂಡರೂ ನನ್ನ ಬೆರಳು ತಾನಾಗಿ ಅಂಕಿ ಒತ್ತಲು ಶುರುಮಾಡುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಲೆಸ್ಯಾಳ ದನಿ ಚಳಿಗಾಲವಿಡೀ ಒಡೆದೇ ಇದೆ ಎಂದು ಬರೆದಿದ್ದೀಯೆ. ರೈಲು ಬಂತೆಂದು ಅವಳು ಮೈಕಿನಲ್ಲಿ ಹೇಳಿದರೆ ಪ್ರಯಾಣಿಕರು ಹೊಸ ಗಂಡಸು ಯಾರೋ ಕೆಲಸಕ್ಕೆ ಸೇರಿದ್ದಾನೆಂದುಕೊಳ್ಳುತ್ತಾರಂತೆ. ತಾನು ಮದುವೆಯಾಗಿದ್ದು ಹುಡುಗಿಯನ್ನೋ ಸ್ಟೇಷನ್ ಮಾಸ್ಟರನ್ನೋ ಎಂದು ಕಸ್ತೂಸ್ ರೇಗಿಸುತ್ತಾನಂತೆ. ಐಸ್‌ಕ್ರೀಮ್ ತಿಂದು ಗಂಟಲು ಕೆಡಿಸಿಕೊಂಡಿದ್ದಾಳೆ ಎಂದು ನೀನು ನಗುತ್ತಾ ಬರೆದೆ. ನಾನು ಅದನ್ನು ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಅದು ಐಸ್‌ಕ್ರೀಮಿನಿಂದ ಆದದ್ದಲ್ಲ ಜಿನಾ. ಸೆಪ್ಟೆಂಬರಿನಲ್ಲಿ, ಮದುವೆಗೆ ಎರಡು ವಾರ ಮುಂಚೆ, ಆಲೂಗಡ್ಡೆ ಅಗೆಯಲು ಅವಳು ನನ್ನಲ್ಲಿಗೆ ಬಂದಿದ್ದಳಲ್ಲ. ಅಣುಸ್ಥಾವರ ಸಿಡಿದ ವರ್ಷ ಇಲ್ಲಿದ್ದ ಮಕ್ಕಳೆಲ್ಲ ವರ್ಷಕ್ಕೊಮ್ಮೆ ಕುತ್ತಿಗೆ ತೋರಿಸಬೇಕು, ಅವಳ ಕಾರ್ಡು ಇನ್ನೂ ನಮ್ಮಲ್ಲೇ ಇದೆ. ಕೈಯ ಮಣ್ಣು ತೊಳೆದವಳೇ ಹೋಗಿ ಸ್ಕ್ಯಾನ್ ಮಾಡಿಸಿಕೊಂಡಳು. ಡಾಕ್ಟರ್ ಅರ್ಕಾದಿ ಸೆಮ್ಯೊನೊವಿಚ್ ಬಲಗಡೆ ಒಂದು ಗಂಟು ಕಂಡು, ಕಾರ್ಡಿನಲ್ಲಿ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ನಮ್ಮಲ್ಲಿ ಆ ಚಿಹ್ನೆಗೆ ಒಂದು ನಿಯಮವಿದೆ. ಅದಿದ್ದರೆ ಡಿ ೪೪ ಎಂದು ತುಂಬಬೇಕು, ಸಂಶಯದ ಗಡ್ಡೆ ಎಂದರ್ಥ. ಹಾಗೆ ತುಂಬಿದ ಹತ್ತು ದಿನದೊಳಗೆ ಸೂಜಿ ಪರೀಕ್ಷೆಗೆ ಬರಹೇಳಿ ಮನೆಗೆ ಕಾಗದ ಹೋಗುತ್ತದೆ. ಅದಿಲ್ಲದಿದ್ದರೆ ಇ ೦೪, ಸಾಧಾರಣ ಗಂಟು, ಮುಂದಿನ ವರ್ಷ ಬಂದರೆ ಸಾಕು. ಕಚೇರಿಯ ಅವಸರದಲ್ಲಿ ಲೆಸ್ಯಾಳ ಕಾರ್ಡಿಗೆ ಇ ೦೪ ಎಂದು ತುಂಬಲಾಗಿತ್ತು. ನಿಮಗೆ ಯಾವ ಕಾಗದವೂ ಬರಲಿಲ್ಲ.

ನಿನ್ನೆ ಧೈರ್ಯ ಮಾಡಿ ಕಾರ್ಡನ್ನು ಡಾಕ್ಟರ ಮುಂದಿಟ್ಟು ದನಿಯ ವಿಷಯ ಹೇಳಿದೆ. ಅವರು ಸ್ಕ್ಯಾನಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೂಜಿ ಪರೀಕ್ಷೆ ಆಯಿತೇ ಎಂದು ಕೇಳಿದರು. ಇಲ್ಲವೆಂದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಪೂರ್ತಿ ಹೆಸರು ಹಿಡಿದು ಕರೆದರು.

"ರಾಯಿಸಾ ಪಾವ್ಲೋವ್ನಾ, ನಾನು ಆ ಚಿಹ್ನೆ ಹಾಕೋದು ಗೊತ್ತಾಗ್ಲಿಲ್ಲ ಅಂತಲ್ಲ. ಭಯ ಆಯ್ತು ಅಂತ. ಆರು ತಿಂಗಳು ಕಳೆದುಬಿಟ್ಟಿರಲ್ಲ."

ಗಡ್ಡೆ ದನಿಯ ನರವನ್ನು ಮುಟ್ಟಿರಬಹುದು, ಮುಟ್ಟದೆಯೂ ಇರಬಹುದು, ಸೂಜಿ ಹಾಕದೆ ಹೇಳಲಾಗದು ಎಂದರು. ಬೇಗ ಕತ್ತರಿಸಿ ತೆಗೆಸಿಕೊಂಡವರು ಬದುಕಿಕೊಳ್ಳುತ್ತಾರೆ, ಅದಕ್ಕೆ ನಾನೇ ಸಾಕ್ಷಿ. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಒಂದು ಮಾತ್ರೆ ನುಂಗಿ, ಕುತ್ತಿಗೆಯ ಗೆರೆಯ ಮೇಲೆ ಮಣಿಸರ ಹಾಕಿಕೊಂಡು ಓಡಾಡುತ್ತಿದ್ದೇನೆ. ಆದರೆ ನನಗೆ ಕತ್ತರಿಸಿದ್ದು ಗೊತ್ತಾದ ಹದಿನೈದೇ ದಿನಕ್ಕೆ.

ಅವಳನ್ನು ಕರೆದುಕೊಂಡು ಬಾ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಹೆಸರೇ ಮೊದಲು, ನಾನೇ ಬರೆಸಿದ್ದೇನೆ. ಹಳೆಯ ಚೀಟಿಗಳಿದ್ದರೆ ತಾ. ದಾರಿಯಲ್ಲಿ ಅವಳಿಗೆ ಏನು ಹೇಳಬೇಕೋ ನೀನೇ ತೀರ್ಮಾನಿಸು. ನಾನು ಎರಡು ಸಲ ನಿಮ್ಮ ಮನೆಗೆ ಫೋನ್ ಮಾಡಿದೆ, ಎರಡು ಸಲವೂ ಎತ್ತಿದವಳು ಅವಳೇ. "ರಾಯಾ ದೊಡ್ಡಮ್ಮಾ, ಹೇಳಿ" ಎಂದಳು, ಆ ದನಿಯಲ್ಲಿ. ಎಲೆಕೋಸಿನ ಉಪ್ಪಿನಕಾಯಿ ಮುಗಿಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ದೇವರು ಆ ಮಗುವಿನ ಕುತ್ತಿಗೆಯ ಮೇಲೆ ಕೈಯಿಟ್ಟು ಕಾಯಲಿ. ನಿನ್ನನ್ನೂ ಕಾಯಲಿ. ಕಸ್ತೂಸನಿಗೆ ನನ್ನ ಆಶೀರ್ವಾದ.

ನಿನ್ನ ಅಕ್ಕ,
ರಾಯಾ

ತಾ.ಕ.: ಪತ್ರ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಅವಸರವಿತ್ತೆಂದು ಬರೆದದ್ದು ಸುಳ್ಳು. ಅವತ್ತು ಮಧ್ಯಾಹ್ನ ನನ್ನ ಮುಂದೆ ಇದ್ದದ್ದು ಅದೊಂದೇ ಕಾರ್ಡು. ಹೆಸರು ನೋಡಿದೆ, ಚಿಹ್ನೆ ನೋಡಿದೆ, ಗೊತ್ತಿದ್ದೇ ಇ ೦೪ ಎಂದು ಒತ್ತಿದೆ. ನನ್ನ ಕಾರ್ಡಿನ ಮೇಲೆ ಸಂಶಯದ ಗಡ್ಡೆಯ ಕೋಡ್ ಬಿದ್ದ ವಾರವೇ ನನ್ನನ್ನು ಮದುವೆಯಾಗಬೇಕಾಗಿದ್ದವನ ತಾಯಿ ಬಂದು, ನಿಶ್ಚಿತಾರ್ಥದ ಉಂಗುರ ಕೇಳಿ ತೆಗೆದುಕೊಂಡು ಹೋದದ್ದು ನಿನಗೆ ನೆನಪಿದೆ. ಲೆಸ್ಯಾಳ ಮದುವೆಗೆ ಮುಂಚೆ ನಿಮ್ಮ ಮನೆಗೆ ಆ ಕಾಗದ ಹೋಗುವುದು ನನಗೆ ಬೇಡವಾಗಿತ್ತು. ಮದುವೆ ಮುಗಿಸಿ ಬಂದು ಸೋಮವಾರ ತಿದ್ದುತ್ತೇನೆ ಅಂದುಕೊಂಡಿದ್ದೆ. ಸೋಮವಾರ ಬರುವಷ್ಟರಲ್ಲಿ ಮೂರು ತಿಂಗಳ ವರದಿ ಮೇಲಕ್ಕೆ ಹೋಗಿತ್ತು. ಆಮೇಲೆ ತಿದ್ದಬೇಕಾದರೆ ಯಾಕೆ ತಪ್ಪಾಯಿತೆಂದು ಬರೆದು ಸಹಿ ಹಾಕಬೇಕು. ಹೊಸ ವರ್ಷ ಕಳೆಯಲಿ ಎಂದೆ. ಆಮೇಲೆ, ಬರೆಯದಿದ್ದರೆ ಕಾಯಿಲೆಯೇ ಇರುವುದಿಲ್ಲವೆಂದು ನಂಬತೊಡಗಿದೆ, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನಾನು.

ಇವತ್ತು ಕೋಡ್ ತಿದ್ದಿ, ಕೆಂಪು ಶಾಯಿಯಲ್ಲಿ ಕಾರಣ ಬರೆದು, ಸಹಿ ಹಾಕಿ ಮುಖ್ಯ ವೈದ್ಯರಿಗೆ ಕೊಟ್ಟು ಬಂದೆ. ನನ್ನನ್ನು ತೆಗೆದರೆ ತೆಗೆಯಲಿ.

ಅಂಚೆಗೆ ಹಾಕಿದರೆ ತಡವಾಗುತ್ತದೆ. ಈ ಪತ್ರವನ್ನು ಬ್ರೆಸ್ಟ್ ರೈಲಿನ ಏಳನೇ ಬೋಗಿಯ ಕಂಡಕ್ಟರಮ್ಮನ ಕೈಗೆ ಕೊಡುತ್ತಿದ್ದೇನೆ. ನೀನು ಕೆಲಸ ಮಾಡುವ ಬೇಕರಿಗೆ ಫೋನ್ ಮಾಡಿ, ನಿನಗೆ ಸಬ್ಬಸಿಗೆ ಬೀಜ ಕಳಿಸಿದ್ದೇನೆ, ಸ್ಟೇಷನ್ನಿಗೆ ಬಂದು ತೆಗೆದುಕೋ ಎಂದಿದ್ದು ಇದಕ್ಕೇ. ನಾಳೆ ಬೆಳಿಗ್ಗೆ ನೀನು ಇದನ್ನು ಅಲ್ಲೇ ಓದಿ ಮುಗಿಸುವ ಹೊತ್ತಿಗೆ, ಮುಂದಿನ ರೈಲು ಬಂತೆಂದು ಮೈಕಿನಲ್ಲಿ ಹೇಳುವವಳು ಲೆಸ್ಯಾಳೇ. ಅವಳು ಹೇಳಿ ಮುಗಿಸುವವರೆಗೆ ನಿಂತು ಕೇಳು ಜಿನಾ, ಆಮೇಲೆ ನನ್ನನ್ನು ಕ್ಷಮಿಸಬೇಕೋ ಬೇಡವೋ ಯೋಚಿಸು.