ಕೊನೆಯ ಹಾಡಿನ ಆ ಸಾಲು

ಪ್ರೀತಿಯ ಅಣ್ಣ,

ಬೆಳಿಗ್ಗೆ ಹಲ್ಲುಜ್ಜುತ್ತಾ ನೀನು ಬಕೆಟ್ಟಿನ ಅಂಚಿನ ಮೇಲೆ ಬೆರಳಲ್ಲಿ ನಮ್ಮ ಮೆಚ್ಚಿನ ಬ್ಯಾಂಡಿನ ತಾಳ ಬಡಿಯುತ್ತಿದ್ದದ್ದು ಕೇಳಿಸಿತು. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ, ಇನ್ನು ರಾಕ್ ಉತ್ಸವಕ್ಕೆ ಬರುವುದಿಲ್ಲವೆಂದು ಚೀಟಿ ಬರೆದುಕೊಟ್ಟವನು ನೀನೇ ತಾನೆ?

ಪ್ರತಿ ವರ್ಷ ಕೊನೆಯ ಹಾಡಿನ ನಡುವೆ ಗಾಯಕ ಮೈಕನ್ನು ನಮ್ಮತ್ತ ತಿರುಗಿಸುತ್ತಾನೆ. ಮೈದಾನವೆಲ್ಲ ಆ ಸಾಲು ಹಾಡುವಾಗ ನಾನು ಬರೀ ತುಟಿಯಾಡಿಸುತ್ತಿದ್ದೆ. "ಲೇ ಮೂಗಿ, ಬಾಯಿ ಬಿಡೇ! ಯಾರೂ ನಿನ್ನ ನೋಡ್ತಿಲ್ಲ," ಎಂದು ನೀನು ಕಿವಿಯಲ್ಲಿ ಕೂಗುತ್ತಿದ್ದೆ. ನಿನ್ನ ದನಿಯ ಮರೆಯಲ್ಲಿ ನಾನು ಹಾಯಾಗಿ ಅಡಗಿಕೊಂಡಿದ್ದೆ.

ನಿನ್ನ ಟಿಕೆಟ್ ಮಾರಿಲ್ಲ. ಶನಿವಾರ ಕುತ್ತಿಗೆಗೆ ಮಫ್ಲರ್ ಸುತ್ತಿಕೋ, ಅಲ್ಲಿ ಧೂಳು ಜಾಸ್ತಿ. ನನ್ನ ಪಕ್ಕ ನಿಂತರೆ ಸಾಕು. ಆ ಸಾಲು ಬಂದಾಗ, ಈ ಸಲ ನಾನು ಹಾಡುತ್ತೇನೆ. ಗಟ್ಟಿಯಾಗಿ.

ನಿನ್ನ,
ತಂಗಿ