ಕಾಶಕ್ಕನ ಬೆಳ್ಳಿ ಕರಡಿಗೆ

ಬೀರೂರು, ೧೭ ನವೆಂಬರ್ ೨೦೨೫, ಸೋಮವಾರ

ಕಾಶಕ್ಕ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಕರಡಿಗೆ ನನ್ನ ಬ್ಯಾಗಿನಲ್ಲೇ ಉಳಿಯಿತು. ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಎದೆಯ ಕ್ಯಾನ್ಸರಿಗೆ ಆಪರೇಷನ್ ಆದ ನನ್ನ ಓರಗಿತ್ತಿ ಕಾಶಕ್ಕನಿಗೆ ಇವತ್ತು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲ ಸಲ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಎದೆಯ ಮೇಲೆ ಏನೂ ಇರಬಾರದು ಎಂದಳು ಮಿಷನ್ ನಡೆಸುವಾಕೆ.

"ಲಿಂಗ ಮೈಬಿಟ್ಟು ಇರಲ್ಲ ಕಣಮ್ಮ. ಕರೆಂಟೇ ಬ್ಯಾಡ, ನಡಿಯೇ ಮನೆಗೆ" ಎಂದು ಅಕ್ಕ ಎದ್ದೇಬಿಟ್ಟಳು.

ನನಗೆ ರೇಗಿತು. "ದಿನಾ ಪೂಜೇಲಿ ಅಂಗೈ ಮೇಲೆ ಇಟ್ಕೊಳಲ್ವೇನಕ್ಕ? ಇವತ್ತೂ ಅಲ್ಲೇ ಇರ್ಲಿ. ಮುಷ್ಟಿ ಹಿಡ್ಕೊಂಡು ಮಲಗು."

ಮಿಷನ್ನಿನಾಕೆ ಡಾಕ್ಟರನ್ನು ಕೇಳಿ ಬಂದು ಒಪ್ಪಿದಳು. ಕೈ ಮಾತ್ರ ಅಲ್ಲಾಡಬಾರದಂತೆ.

"ಪೂಜೆಗೆ ಕೂತ್ರೆ ಅರ್ಧ ಗಂಟೆ ಅಲ್ಲಾಡಲ್ಲ ನಾನು. ನಿಂದ್ಯಾವ ಮಹಾ ಮಿಷನ್ನು!"

ಅಕ್ಕ ಖಾಲಿ ಕರಡಿಗೆಯನ್ನು ನನ್ನ ಕೈಗಿಟ್ಟು ಒಳಗೆ ನಡೆದಳು.

ವಾಪಸ್ ಬರುವ ರೈಲು ತರೀಕೆರೆ ದಾಟುವಾಗ ಅದನ್ನು ಕೊಡಲು ಹೋದೆ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಆಗಲೇ ತೋಳಿಗೆ ಕಟ್ಟಿಕೊಂಡಿದ್ದಳು.

"ಇನ್ನೂ ಹತ್ತೊಂಬತ್ತು ಸಲ ಐತೆ. ನಿನ್ ಹತ್ರಾನೇ ಇರ್ಲಿ ಕಣೇ. ಕಡೇ ದಿನ ನಾನೇ ಕೇಳಿ ಇಸ್ಕೊತೀನಿ, ಫಳಫಳ ಅಂತಿರ್ಬೇಕು."

ಕೇಳೇ ಕೇಳುತ್ತಾಳೆ. ಕೊಟ್ಟ ತುರಿಮಣೆಯನ್ನೇ ಮೂರು ದಿನ ಇಟ್ಟುಕೊಳ್ಳಲು ಬಿಟ್ಟವಳಲ್ಲ ಅವಳು.

ಕರಡಿಗೆಗೆ ವಿಭೂತಿ ಹಚ್ಚಿ ಈಗಲೇ ಉಜ್ಜಿಟ್ಟಿದ್ದೇನೆ. ಅದನ್ನು ಕೊರಳಿಗೆ ಹಾಕುವ ಶಿವದಾರ ಸವೆದಿದೆ. ನಾಳೆ ಕಡೂರಿನಿಂದ ಹೊಸದು ತರಿಸಬೇಕು, ಗಟ್ಟಿಯದು, ಬಹಳ ವರ್ಷ ಬಾಳಿಕೆ ಬರುವಂಥದ್ದು.